ಅರವತ್ತು

ಮಾಡದಾಗ ಪಂಚಾಂಗ ಇರೂ ಮನಿಯಾಕಿ ನಾ.
ನಮ್ಮಪ್ಪ ದಿನಾ ಒಡದು ಅರವತ್ತು ಘಳಿಗಿ ಮಾಡ್ತಾನ,
ಘಳಿಗೀನೂ ಒಡದು ಮತ್ತ ಅರವತ್ತು,
ಶಹಾಬಜಾರದ ಮಂದಿಗಿ ಹಂಚತಾನ:
ಈ ಚೂರಿನ್ಯಾಗ ತಾಳಿ ಕಟ್ಟರಿ, ಇದು ಬ್ಯಾಡ್ರಿ,
ಬೋರ್ ಪೂಜಿ ಇದ್ರ ನಾಳಿ ಹನ್ನೊಂದರ ಮ್ಯಾಲ.

ತಬ್ರೇಜನ ಮೊಬೈಲ್ ದುಕಾನಿನ ಹಿಂದಿನ ಖೋಲ್ಯಾಗ
ಸೆಕೆಂಡಿಗೇ ಅರವತ್ತು.
ಮೊದಲನೇ ದಿನ ಕೇಳಿ ನಕ್ಕಿದ್ದೆ.
ಅಂವಾ ನಗಲಿಲ್ಲ, ಟಿವಿ ಮ್ಯಾಲ ಬೆರಳಿಟ್ಟ:
"ಅಕಿ ಒದೀಲಿಕ್ಕ ಕಾಲು ಎತ್ತ್ಯಾಳ. ಇಳಸಬೇಕಲ್ಲ?
ಇಳಸೂತನಾ ಹದಿಮೂರು ಚೂರು. ಅವು ನಿನ್ನವು.
ಆದ್ರ ಹೊಡೆಯೂದು ಆಮ್ಯಾಲ.
ಮೊದಲ ತಡೀಲಿಕ್ಕ ಕಲಿ."

ಒಂದು ತಿಂಗಳು ಬರೇ ತಡದೆ.
ನಿಂತು ತಡಿ, ಕುಂತು ತಡಿ, ಮತ್ತ ನಿಂತು.
ಹಗಲೆಲ್ಲಾ ಕೋರ್ಟ್ ಮುಂದಿನ ಝೆರಾಕ್ಸಿನ್ಯಾಗ ನನ್ನ ಹೆಬ್ಬೆಟ್ಟು
ಯಾರದೋ ಆಧಾರ್ ಕಾರ್ಡಿನ ಮ್ಯಾಲ
ತಾನಾಗೇ ಹಿಂದಕ್ಕ ಸರೀತಿತ್ತು.

ಖೋಲಿಗಿ ಕಿಡಕಿ ಇಲ್ಲ. ಹೊರಗ ನಲವತ್ನಾಕು ಡಿಗ್ರಿ.
ಕರೆಂಟ್ ಹೋದ್ರ ಇನ್ವರ್ಟರ್ ಟಿವಿಗಿ ಸಾಲ್ತದ,
ಫ್ಯಾನಿಗಿ ಸಾಲಂಗಿಲ್ಲ.
ಕೈ ಎತ್ತಿ ವೋಟ್ ಹಾಕಿದೆವು, ಒಬ್ಬರೂ ಫ್ಯಾನ್ ಅನ್ನಲಿಲ್ಲ.
ಸೋತವರು ಶಹಾಬಾದ್ ಪರ್ಸಿ ಮ್ಯಾಲ ಬೆನ್ನು ಹಚ್ಚಿ ಬೀಳ್ತಾರ.
ಹಂಗಾಗಿ ನಮ್ಮಲ್ಲಿ ಸೋಲು ತಂಪು.

ಆಟದಾಗಿನವರ ಹೆಸರು ನಾಲಗಿಗಿ ಹೊಂದಂಗಿಲ್ಲ.
ಬಿಳೀ ಜಡಿಯಾಕಿ ನಮಗ ಮಾವಶಿ.
ಮೊಣಕೈಲಿಂದ ತಿವಿಯಾಂವ ಕಂಡಕ್ಟರ್.
ದೂರ ನಿಂತು ಬೆಂಕಿ ಒಗಿಯಾಂವ ಉಧಾರಿ:
ಹತ್ತಿರ ಬರಂಗಿಲ್ಲ, ಬೆನ್ನೂ ಬಿಡಂಗಿಲ್ಲ.

ದಾಲ್ ಮಿಲ್ಲಿನ ವೆಲ್ಡರ್ ಸಾಯಬಣ್ಣಗ ಐವತ್ತೆರಡು.
ಎಣ್ಣಿ ಡಬ್ಬಿ ಕೊಯ್ದು, ಗುಂಡಿ ಕೂಡಿಸಿ,
ತಾನೇ ಒಂದು ಸ್ಟಿಕ್ ಮಾಡ್ಯಾನ.
ಒತ್ತಿದ್ರ ತೊಗರಿ ಒಡದಂಗ ಸಪ್ಪಳ.
ಎಂಟನೇತ್ತೆ ಹುಡುಗರ ಕೈಲೆ ಸೋಲ್ತಾನ,
ಸೋತು, ಚಾ ತರಸ್ತಾನ, ಕೇಳ್ತಾನ:
"ಈಗ ಹೇಳಪಾ ಸರ, ಯಾಕ?"

ಯಾಕಂದ್ರ ಇಲ್ಲಿ ಕಾಯ್ದೆ ಒಂದೇ.
ಗೆದ್ದವರು ಸೋತವರಿಗಿ ಯಾಕಂತ ಹೇಳಬೇಕು.
ಹೇಳಲಿಕ್ಕ ಬರದಿದ್ರ ಗೆದ್ದಂಗಲ್ಲ.

ಸಮುದ್ರದಾಚಿ ಎಲ್ಲೋ ಫೈನಲ್, ನಮಗ ನಸುಕಿನ ನಾಕು.
ಹುಡುಗರು ಖೋಲ್ಯಾಗ, ನಾ ಚಾದರದಾಗ ಫೋನ್ ಹಿಡದು.
ಅಪ್ಪ ಜಳಕಕ್ಕ ಎದ್ದ. ಚಾದರ ಎತ್ತಿದ.
ಬೈತಾನ ಅಂದ್ಕೊಂಡೆ.
"ಎಷ್ಟಕ್ಕ ಶುರು ಆತು?"
ಗೆಣಿಕಿ ಮ್ಯಾಲ ಎಣಿಸಿದ, ಬಾಯಾಗ ಏನೋ ಗುಣಗುಟ್ಟಿದ,
"ಕೆಂಪಂಗ್ಯಾವಗ ವ್ಯಾಳ್ಯಾ ಛಲೋ ಇಲ್ಲ."
ಕೆಂಪಂಗಿಯಾಂವನೇ ಗೆದ್ದ.
ಅಪ್ಪ ತಂಬಿಗಿ ಹಿಡಕೊಂಡು ಕಡೀತನಾ ನಿಂತಿದ್ದ,
ನೀರು ಆರಿ ಹೋಗಿತ್ತು.

ಶುಕ್ರವಾರ ತಬ್ರೇಜಗ ನಾ ಹೊಡದೆ.
ನಾ ಮಾವಶಿ, ಅಂವಾ ಉಧಾರಿ.
ಇಬ್ಬರದೂ ಜೀವ ಎಳಿಯಷ್ಟು,
ಅಂವಾ ಹಾರಿದ,
ಹಾರೂದು ನನಗ ಮೊದಲೇ ಗೊತ್ತಿತ್ತು.
ಎರಡು ವರ್ಷದಾಗ ಒಮ್ಮೆ.
ಹುಡುಗರು ಡಬ್ಬಿ ಬಡದು ಒದರಿದ್ರು.
ಸಾಯಬಣ್ಣ ಚಾದ ಗ್ಲಾಸ್ ಕೆಳಗಿಟ್ಟ.
"ಹೇಳು," ಅಂದ ತಬ್ರೇಜ. "ಯಾಕ?"

ಹಾರೂ ಮುಂದ ನೀ ಉಸುರು ಹಿಡೀತಿ.
ಬಾಜೂಕ ಕುಂತವರಿಗಿ ಕೇಳಸ್ತದ.
ಇಷ್ಟು ದಿನ ಕೇಳಸ್ತಿತ್ತು, ಬೆರಳು ಮುಟ್ಟತಿದ್ದಿಲ್ಲ.

ಅಂವಾ ಸುಮ್ಮನಾದ.
ಹಂಗ ಸುಮ್ಮನಾದದ್ದು ನಾ ನೋಡಿದ್ದಿಲ್ಲ,
ಎಷ್ಟು ಚೂರು ಅಂತ ಎಣಿಸಲೂ ಇಲ್ಲ.
ಮುಂದಿನ ಕೌಂಟರಿಗಿ ಯಾರೋ ಬಂದು
ಸ್ಕ್ರೀನ್ ಗಾರ್ಡ್ ಅದ ಏನ್ರಿ, ಅಂದ್ರು.
ಬಂದೆ ಅಂತ ಎದ್ದ,
ಹೋಗೂ ಮುಂದ ಉಸುರು ಹಿಡದು
ಒಮ್ಮೆ ನನ್ನ ಕಡಿ ನೋಡಿದ.