ಹದಿಮೂರರ ಮಗ್ಗಿ

ಇಪ್ಪತ್ತೆರಡು ವರ್ಷ ಕೂತೇ ಓಡಿದವನು ನಾನು.
ಡಂಡೀ ಊರಿನ ಬಸ್ಸಿನ ಎತ್ತರದ ಸೀಟಿನಲ್ಲಿ
ಬಲಗಾಲ ಪಾದಕ್ಕಷ್ಟೇ ಕೆಲಸ;
ಉಳಿದ ಮೈ ಸಾಮಾನು.

ಐವತ್ತೆರಡು ತುಂಬಿದ ವಾರ
ಡಿಪೋದ ಹದಿನಾರು ಮೆಟ್ಟಿಲು ಹತ್ತಿ
ಕಂಬಿ ಹಿಡಿದು ನಿಂತೆ.
ಭರಮಣ್ಣ ಎಂಬ ಹೆಸರು ಈ ಊರಿನ ನಾಲಿಗೆಗೆ ಹತ್ತದು.
‘ಬ್ರಾಮ್, ನಾಳೆ ನದಿ ದಂಡೆಗೆ ಬಾ’ ಅಂದಳು ಮೊರಾಗ್,
ನನಗಿಂತ ಒಂಬತ್ತು ವರ್ಷ ದೊಡ್ಡವಳು,
ರಾತ್ರಿ ಪಾಳಿ ಮುಗಿಸಿ ಅದೇ ಮೆಟ್ಟಿಲನ್ನು
ಎರಡೆರಡಾಗಿ ಇಳಿಯುತ್ತ.

ಓಡುವುದೆಂದರೆ ನನಗೆ ಗೊತ್ತಿದ್ದದ್ದು ಎರಡೇ:
ನಾಯಿ ಅಟ್ಟಿಸಿದಾಗ, ಬಸ್ಸು ತಪ್ಪುವಾಗ.
ಹಾಗೇ ಓಡಿದೆ, ಬಿಟ್ಟ ಬಾಣ.
ಮೂರನೆಯ ದೀಪದ ಕಂಬಕ್ಕೆ
ಎದೆಯೊಳಗೆ ಕಮ್ಮಾರನ ತಿದಿ,
ಬಾಯಲ್ಲಿ ತುಕ್ಕಿನ ರುಚಿ.

ಮೊರಾಗ್ ಹೇಳಿದ್ದಿಷ್ಟು:
ಮಾತಾಡಲು ಆಗದಿದ್ದರೆ ನೀನು ಓಡುತ್ತಿಲ್ಲ,
ಓಡಿಹೋಗುತ್ತಿದ್ದೀಯ.
ನಿಧಾನ. ನಾಚಿಕೆಯಾಗುವಷ್ಟು ನಿಧಾನ.
ಎರಡು ಕಂಬ ಓಡು, ಒಂದು ಕಂಬ ನಡೆ.

ಅವಳ ಪಾಳಿ ಬದಲಾಯಿತು. ಬೆಳಿಗ್ಗೆ ಆರಕ್ಕೆ
ಟೇ ನದಿಯ ಗಾಳಿಯಲ್ಲಿ ಯಾರೊಡನೆ ಮಾತು?
ಬಾಯಿಗೆ ಬಂದದ್ದು ಮಗ್ಗಿ.
ಅದೂ ಹದಿಮೂರರದ್ದು,
ಹಿರಿಯೂರಿನ ಶಾಲೆಯಲ್ಲಿ ಬೆಂಚು ಹತ್ತಿಸಿದರೂ
ನಾನು ಮುಗಿಸದೆ ಬಿಟ್ಟದ್ದು.

ಹದಿಮೂರೊಂದ್ಲ ಹದಿಮೂರು.
ಹದಿಮೂರೆರಡ್ಲ ಇಪ್ಪತ್ತಾರು.
ಹದಿಮೂರ್ಮೂರ್ಲ ಮೂವತ್ತೊಂ—
ಉಳಿದದ್ದು ಬತ್ತಿತು.

ಮಾರ್ಚಿನ ಕೊನೆಗೆ ಐವತ್ತೆರಡು. ಸರಿಯಾಗಿ ನನ್ನ ವಯಸ್ಸಿಗೇ
ಉಸಿರು ಬಂದು ನಿಲ್ಲುತ್ತಿತ್ತು, ಕೊನೆಯ ಸ್ಟಾಪಿನ ಬಸ್ಸಿನ ಹಾಗೆ.
ನಾಯಿ ಹಿಡಿದ ಮುದುಕಿಯೊಬ್ಬಳು ದಾರಿ ಬಿಟ್ಟು
‘ಪ್ರಾರ್ಥನೆಗೆ ಅಡ್ಡ ಬಂದೆನೇನಪ್ಪಾ’ ಎಂದಳು.
ಇಲ್ಲ ತಾಯಿ, ಲೆಕ್ಕ, ಅಂದೆ.
ಅಂದದ್ದು ಕನ್ನಡದಲ್ಲಿ ಎಂದು
ಮುಂದಿನ ಕಂಬದ ಹತ್ತಿರ ಹೊಳೆಯಿತು.

ಮೀನಖಂಡ ಹಿಡಿದು ಏಪ್ರಿಲ್ಲಿನಲ್ಲಿ ಹದಿನೈದು ದಿನ ಹಾಳು.
ಸುಕನ್ಯ ಬಿಸಿ ಎಣ್ಣೆ ತಿಕ್ಕುತ್ತ
‘ಮುದಿ ಎತ್ತಿಗೆ ಹೊಸ ಲಾಳ’ ಎಂದು ನಕ್ಕಳು.
ಶೂಗಳ ಬೆಲೆ ಕೇಳಿದ ಮೇಲೆ ನಗಲಿಲ್ಲ.

ಮೇ ತಿಂಗಳು. ಹದಿಮೂರೈದ್ಲ ಅರವತ್ತೈದು.
ಅಪ್ಪ ಮುಟ್ಟದೆ ಹೋದ ಸಂಖ್ಯೆ.
ದಮ್ಮು ಅಂದರೆ ನಮ್ಮ ಮನೆಯಲ್ಲಿ ಕಾಯಿಲೆಯ ಹೆಸರು;
ರಾತ್ರಿಯಿಡೀ ಗೋಡೆಗೊರಗಿ ಕೂತು
ಒಂದೊಂದೇ ಉಸಿರನ್ನು ಸೇದುತ್ತಿದ್ದ,
ತೂತು ಕೊಡದಲ್ಲಿ, ಆಳದ ಬಾವಿಯಿಂದ.
ಬೀದಿಯ ಹುಡುಗರ ಬಾಯಲ್ಲಿ ಅದೇ ಮಾತು ಬೇರೆ:
ದಮ್ಮಿದ್ದರೆ ಬಾರೋ!
ಆ ಎರಡರ ನಡುವೆ ಎಲ್ಲೋ,
ಗಂಟೆಗೆ ನಾಲ್ಕು ಮೈಲಿಯಲ್ಲಿ,
ನಾನು.

ರೈಲು ಸೇತುವೆಯ ಪಕ್ಕದ ನೀರಲ್ಲಿ
ಹಿಂದೊಮ್ಮೆ ಬಿದ್ದ ಸೇತುವೆಯ ಮೋಟುಕಂಬಗಳು ನಿಂತೇ ಇವೆ.
ಯಾರೂ ಕಿತ್ತು ಹಾಕಿಲ್ಲ.
ಮೇಲೆ ರೈಲು ಹೋಗುತ್ತದೆ. ನಾನು ಅವನ್ನು ಎಣಿಸುವುದಿಲ್ಲ.

ಜೂನಿನ ಒಂದು ಮಧ್ಯಾಹ್ನ,
ಬಾಗಿಲು ಮುಚ್ಚಿ ಬ್ರೇಕು ಬಿಟ್ಟಾಗ
ಬದಿಯ ಕನ್ನಡಿಯಲ್ಲೊಬ್ಬ ಕಂಡ,
ಕೈಗೊಂದು ಚೀಲ, ಟೈ ಹೆಗಲ ಮೇಲೆ,
ಬಿಟ್ಟ ಬಾಣ.
ಆಗಲೇ ಎರಡು ನಿಮಿಷ ತಡ.
ಇಂಥ ಎಷ್ಟು ಮಂದಿಯನ್ನು ಈ ಕನ್ನಡಿಯಲ್ಲಿ
ಚಿಕ್ಕವರಾಗಲು ಬಿಟ್ಟೆನೋ,
ಅದರ ಮಗ್ಗಿ ನನಗೆ ಬಾರದು.

ಬಾಗಿಲು ತೆರೆದೆ.
ಆತ ಕಂಬಿ ಹಿಡಿದು ನಿಂತ. ಬಾಯಿ ತೆರೆದಿತ್ತು, ಮಾತಿರಲಿಲ್ಲ.
ನಿಧಾನ, ಅನ್ನಬೇಕೆಂದಿದ್ದೆ. ಅನ್ನಲಿಲ್ಲ.
ತುಟಿಯಾಡಿಸದೆ,
ನಾನಿನ್ನೂ ಓಡಿ ಮುಟ್ಟದ ಸಂಖ್ಯೆಗಳನ್ನು
ಅವನ ಪರವಾಗಿ ಹೇಳಿಕೊಂಡೆ:
ಹದಿಮೂರಾರ್ಲ ಎಪ್ಪತ್ತೆಂಟು.
ಹದಿಮೂರೇಳ್ಲ ತೊಂಬತ್ತೊಂದು.
ಹದಿಮೂರೆಂಟ್ಲ—

‘ಸಿಟಿ ಸೆಂಟರ್’ ಅಂದ. ‘ಒಂದು.’