ಇನ್ನೊಂಚೂರು ಬಾಯಿ ತೆಗೀರಿ

ಹಾಸನ, ಸಾಲಗಾಮೆ ರಸ್ತೆ, ಬೇಕರಿಯ ಮೇಲಿನ ಮಹಡಿ.
ಒಂಬತ್ತೂವರೆಗೆ ಷಟರ್ ಎತ್ತುತ್ತೇನೆ.
ಕೆಳಗಿನಿಂದ ಬೆಣ್ಣೆಬಿಸ್ಕತ್ತಿನ ವಾಸನೆ,
ಒಳಗಿನಿಂದ ಲವಂಗದೆಣ್ಣೆಯದು.
'ಅವರು ಬಿತ್ತುತ್ತಾರೆ, ನಾವು ಕೀಳುತ್ತೇವೆ' ಎನ್ನುತ್ತಾರೆ
ಡಾಕ್ಟರ್ ಸುಮತೀಂದ್ರ, ಗ್ಲೌಸು ಏರಿಸುತ್ತ.
ದಿನಾ ಅದೇ ಮಾತು. ದಿನಾ ನಗುತ್ತೇನೆ.

ಉಗುಳು ಹೀರುವ ಕೊಳವೆ ಹಿಡಿಯುವುದು,
ಸಿಮೆಂಟು ಕಲೆಸುವುದು,
ಹೆದರಿದ ಮಕ್ಕಳ ಕೈಗೆ ಕನ್ನಡಿ ಕೊಡುವುದು,
'ಇನ್ನೊಂಚೂರು ಬಾಯಿ ತೆಗೀರಿ' ಅನ್ನುವುದು.
ತಿಂಗಳಿಗೆ ಒಂಬತ್ತು ಸಾವಿರ.
ಕೊನೆಯ ಡ್ರಾಯರಿನಲ್ಲಿ, ಹತ್ತಿಯುಂಡೆಯ ಡಬ್ಬದಡಿ,
ರಟ್ಟು ಕಿತ್ತುಹೋದ ಪಿಯುಸಿ ಭೌತಶಾಸ್ತ್ರ.

ಬಿಎಸ್ಸಿ ಮಾಡಿದ್ದೇನೆ ನಾನು.
ಮಾಡಿದ್ದೇನೆ ಅಂದರೆ, ಆಗಿದೆ, ಹಾಗೂ ಹೀಗೂ.
ಆರ್ಗ್ಯಾನಿಕ್ ಕೆಮಿಸ್ಟ್ರಿ ಎರಡು ಸಲ ಹೋಗಿ
ಮೂರನೇ ಸಲಕ್ಕೆ ಮೂವತ್ತಾರು.
ಪ್ರಾಣಿಶಾಸ್ತ್ರದಲ್ಲಿ ನಲವತ್ತೊಂದು, ಅದೂ
ಜಿರಲೆಯ ಬಾಯಿಭಾಗಗಳನ್ನು ಚೆಂದ ಬಿಡಿಸಿದ್ದಕ್ಕೆ.
ಆವತ್ತೇ ಗೊತ್ತಾಗಬೇಕಿತ್ತು ನನಗೆ.

ಆ ಮಾರ್ಕ್ಸ್ ಕಾರ್ಡನ್ನು ಅಪ್ಪ ಎಪಿಎಂಸಿಗೆ ಒಯ್ದಿದ್ದ,
ಆಲೂಗಡ್ಡೆ ಮಂಡಿಯ ಗುಮಾಸ್ತರಿಗೆ ತೋರಿಸಲು.
ಅವರು ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದು,
'ಸೈಜು ಸಣ್ಣದು ಜವರಯ್ಯ,
ಆದರೆ ಕೊಳೆತಿಲ್ಲ' ಅಂದರಂತೆ.
ಅಪ್ಪ ಅದನ್ನು ಹೊಗಳಿಕೆಯೆಂದೇ ಮನೆಗೆ ತಂದ.

ಯಾಕೆ ಹಲ್ಲೇ, ಅಂತ ಕೇಳುತ್ತಾರೆ.
ಬ್ಯಾಂಕ್ ಪರೀಕ್ಷೆ ಕಟ್ಟಬಹುದಿತ್ತಲ್ಲ, ಬಿಎಡ್ ಮಾಡಬಹುದಿತ್ತಲ್ಲ.
ಕಟ್ಟಾಯದ ಕಡೆಯಿಂದ ಬರುತ್ತಿದ್ದ ಚೆನ್ನಾಜಮ್ಮನ ಕತೆ
ಎಲ್ಲರಿಗೂ ಹೇಳಲಾಗುವುದಿಲ್ಲ.
ಮುಂದಿನ ನಾಲ್ಕು ಹಲ್ಲು ಹೋಗಿ ಹನ್ನೊಂದು ವರ್ಷ,
ನಗು ಬಂದರೆ ಸೆರಗು ಬಾಯಿಗೆ ಬರುತ್ತಿತ್ತು ತಾನಾಗಿ.
ಹೊಸ ಕಟ್ಟು ಕೂರಿಸಿದ ದಿನ
ಡಾಕ್ಟರು ಬೇಕರಿಯ ಜೋಕು ಹೇಳಿದರು.
ಆಕೆ ನಕ್ಕಳು. ಕೈ ಎದ್ದಿತು.
ಎದ್ದ ಕೈ ಎದೆಯ ಹತ್ತಿರ ನಿಂತು,
ಇನ್ನೇನು ಕೆಲಸ ನನಗೆ ಎಂಬಂತೆ
ಸುಮ್ಮನೆ ಮಡಿಲಿಗೆ ಇಳಿಯಿತು.
ಕೊಳವೆ ಹಿಡಿದುಕೊಂಡು ಅಷ್ಟನ್ನೇ ನೋಡಿದೆ ನಾನು.
ಸಂಜೆ ಹಳೆ ಪುಸ್ತಕದಂಗಡಿಗೆ ಹೋದೆ.

ಭಾನುವಾರ ಕೋಚಿಂಗು. ಹದಿನೇಳರ ಹುಡುಗರ ನಡುವೆ
ಇಪ್ಪತ್ತನಾಲ್ಕರವಳು ಹಿಂದಿನ ಬೆಂಚಿನಲ್ಲಿ.
'ಅಕ್ಕಾ, ನೀವು ಯಾರ ಪೇರೆಂಟು?' ಅಂದ ಒಬ್ಬ
ಮೊದಲ ದಿನ, ಪಾಪ, ನಿಜವಾಗಿ ಕೇಳಿದ್ದು.
ಈಗ ಅವನೇ ನನಗೆ ಕಿರ್ಚಾಫನ ನಿಯಮ ಹೇಳಿಕೊಡುತ್ತಾನೆ,
ನಾನವನಿಗೆ ಜಿರಲೆಯ ಬಾಯಿ.

ಮೊದಲ ವರ್ಷ ಮೇಣದಲ್ಲಿ ಹಲ್ಲು ಕೆತ್ತಿಸುತ್ತಾರಂತೆ.
ಸೀಟು ಸಿಗುವ ಮೊದಲೇ ಶುರು ಮಾಡಿದ್ದೇನೆ.
ಮೇಣಕ್ಕೆ ದುಡ್ಡು; ಆಲೂಗಡ್ಡೆ ಮನೆಯಲ್ಲಿದೆ,
ಮಂಡಿಯಲ್ಲಿ ಸನಿಕೆ ತಾಗಿ ಗಾಯವಾದದ್ದು, ಚೀಲದ ತಳದ್ದು.
ಬಾಚಿಹಲ್ಲು ಸುಲಭ. ಕೋರೆಯೂ ಬಂತು.
ಮೇಲ್ದವಡೆಯ ಹಲ್ಲಿಗೆ ಮೂರು ಬೇರು,
ಮೂರನೆಯದು ಪ್ರತಿ ಸಲ ಮುರಿಯುತ್ತದೆ.
ಅವ್ವ ಎಲ್ಲವನ್ನೂ ಬಾಚಿ ಸಾರಿಗೆ ಹಾಕುತ್ತಾಳೆ.

ಈ ನಡುವೆ ಬಲಗಡೆ, ತೀರ ಒಳಗೆ, ನೋವು.
ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರು,
'ಬುದ್ಧಿಹಲ್ಲು. ತಡವಾಗಿ ಬಂದಿದೆ. ಜಾಗ ಇಲ್ಲ,
ಪಕ್ಕದ್ದರ ಮೇಲೆ ಒರಗಿಕೊಂಡಿದೆ,
ಕಿತ್ತುಬಿಡೋದೇ ವಾಸಿ' ಅಂದರು.
ಅವರು ಹಲ್ಲಿನ ಬಗ್ಗೆಯೇ ಹೇಳಿದ್ದು. ಗೊತ್ತು ನನಗೆ.
ಆದರೂ ಸ್ವಲ್ಪ ಹೊತ್ತು ಬಾಯಿ ತೆರೆಯಲಿಲ್ಲ.
'ನೀಟ್ ಮುಗೀಲಿ ಸರ್' ಅಂದೆ ಆಮೇಲೆ,
ಕೆನ್ನೆಯೊಳಗೆ ಒಂದು ಲವಂಗ ಇಟ್ಟುಕೊಂಡು.

ಹೋದ ವಾರದ ಟೆಸ್ಟಿನಲ್ಲಿ ಇನ್ನೂರ ಎಂಬತ್ತೇಳು.
ಅದರ ಹಿಂದಿನದು ಇನ್ನೂರ ನಲವತ್ತೊಂದು.
ಸಾಲದು. ಎಷ್ಟು ಸಾಲದು ಅಂತ
ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿದ್ದೇನೆ.

ನಿನ್ನೆ ರಾತ್ರಿ ಅಪ್ಪ ಸಾರಿನಿಂದ
ಒಂದು ದವಡೆಹಲ್ಲನ್ನು ಸೌಟಿನಲ್ಲಿ ಎತ್ತಿ
ದೀಪದ ಕಡೆ ತಿರುಗಿಸಿ ತಿರುಗಿಸಿ ನೋಡಿದ.
ಒಂದು, ಎರಡು, ಮೂರು, ಬೇರು ಎಣಿಸಿದ.
ತಟ್ಟೆಗೆ ಹಾಕಿಕೊಂಡ.
'ಉಪ್ಪು ಒಂಚೂರು ಕಮ್ಮಿ' ಅಂದ.