ಸಾಣಿಕಟ್ಟೆಯ ಗಿರಾಕಿ

ಸಾಣಿಕಟ್ಟೆಯಿಂದ ಬಂದ ವಿಠೋಬ ಆಗೇರ
ಜೀಪಿಗೆ ಎರಡು ಸುತ್ತು ಹಾಕಿದ.
ಟಯರಿಗೆ ಒದೆಯಲಿಲ್ಲ, ರೇಟು ಇಳಿಸಲಿಲ್ಲ,
ಕ್ಯಾರಿಬ್ಯಾಗಿನಿಂದ ಅಡ್ವಾನ್ಸು ತೆಗೆದು ಕೈಗಿಟ್ಟ.
ಆಗಲೇ ನನಗೆ ಅನುಮಾನ.

ಕೀಲಿ ತಿರುವಿದೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಒಂದೇ ಏಟಿಗೆ ಚಾಲೂ ಆಯಿತು, ಕಳ್ಳಮುಂಡೇದು,
ಇನ್‌ಸ್ಪೆಕ್ಟರು ಬಂದ ದಿನ ಮಾತ್ರ
ಹದಿನೇಳರ ಮಗ್ಗಿ ತಪ್ಪದೆ ಒಪ್ಪಿಸುವ ದಡ್ಡನ ಹಾಗೆ.
ನನಗೇ ನಾಚಿಕೆ. ಮುಚ್ಚಿಟ್ಟು ಮಾರಬಾರದಲ್ಲ,
ಹೇಳತೊಡಗಿದೆ:

ನೋಡಿ, ಇದನ್ನು ಸಪಾಟು ನೆಲದಲ್ಲಿ ನಿಲ್ಲಿಸುವ ಹಾಗಿಲ್ಲ.
ಬಾಡದಲ್ಲಿ ಈ ಬಾಡಿಗೆ ಮನೆ ಹಿಡಿದದ್ದೇ
ಎದುರಿಗೆ ಇಳಿಜಾರಿದೆ ಎಂದು.
ನಳದಲ್ಲಿ ನೀರು ಬರುತ್ತದೋ ಎಂದು ಸುಲಭಾ ಕೇಳಿದ್ದು
ಆಮೇಲೆ.

ಸೆಲ್ಫು ಸತ್ತರೆ ಇಲ್ಲಿ, ಈ ತಗ್ಗಿನಲ್ಲಿ,
ಸ್ಪ್ಯಾನರಿನಿಂದ ಎರಡು ಕುಟ್ಟಬೇಕು.
ಮೂರು ಕುಟ್ಟಿದರೆ ಮುನಿಯುತ್ತದೆ.
ಎಡಬಾಗಿಲಿಗೆ ಹಗ್ಗವಿದೆ, ಬಿಚ್ಚಬೇಡಿ.
ಬಿಚ್ಚಿದವರು ಒಬ್ಬರು ಅಣಶಿ ಘಟ್ಟದಲ್ಲಿ ಬಿದ್ದಿದ್ದಾರೆ,
ನನ್ನ ಭಾವನೇ, ಅಂಥ ಪೆಟ್ಟೇನಲ್ಲ.
ಡೀಸೆಲಿನ ಮುಳ್ಳು ಸದಾ ಅರ್ಧ ಟ್ಯಾಂಕು ಎನ್ನುತ್ತದೆ.
ನಿಜ ಬೇಕೆಂದರೆ ಸೀಟಿನ ಕೆಳಗೆ
ಬಿದಿರಿನ ಕಡ್ಡಿ ಇದೆ.

“ಕಡ್ಡಿಗೆ ಗುರುತು ಹಾಕಿದ್ದೀರಾ?” ಕೇಳಿದ ವಿಠೋಬ,
ಹತ್ತಿರ ಸರಿದು, ಪಿಸುದನಿಯಲ್ಲಿ.
ಅವನದ್ದೂ ಒಂದಿತ್ತಂತೆ.
ಉಪ್ಪಿನಾಗರದ ಗಾಳಿ ಬಾಡಿ ತಿಂದು, ನೆಲ ತಿಂದು,
“ಕೊನೆಗೆ ನಾನು, ಸ್ಟೇರಿಂಗು,
ಇಬ್ಬರೇ ಉಳಿದಿದ್ದೆವು ಮಾರಾಯರೆ.”

ಹಾಗಾದರೆ ಇದನ್ನೂ ಕೇಳಿ.
ಏರಿನಲ್ಲಿ ಒಮ್ಮೊಮ್ಮೆ ಪಂಪಿಗೆ ಗಾಳಿ ಹೊಗುತ್ತದೆ.
ಈ ಬೋಲ್ಟು ಸಡಿಲಿಸಿ ಕೈಪಂಪು ಒತ್ತುತ್ತಿರಬೇಕು,
ಡೀಸೆಲಿನಲ್ಲಿ ಗುಳ್ಳೆ ನಿಲ್ಲುವ ತನಕ.
ಕಲಿಸಿದವ ಕೋಡಿಬಾಗದ ಇನಾಸ ಮೇಸ್ತ್ರಿ.
“ಗುಳ್ಳೆ ನಿಲ್ಲೂವರೆಗೆ ಬಾಯಿ ಮುಚ್ಚು,
ಅದಕ್ಕೆ ಗಲಾಟೆ ಆಗೂದಿಲ್ಲ” ಎನ್ನುತ್ತಿದ್ದ.
ನಕ್ಕಿದ್ದೆ ಆಗ.
ಅವನು ಹೋಗಿ ಮೂರು ವರ್ಷ, ಗ್ಯಾರೇಜಿನಲ್ಲಿ ಈಗ ಮೊಬೈಲು ಅಂಗಡಿ.
ಗುಳ್ಳೆ ನಿಲ್ಲುವ ತನಕ
ನಾನು ಈಗಲೂ ಮಾತಾಡುವುದಿಲ್ಲ.

ಕುಂಬಾರವಾಡದ ಹತ್ತಿರ ಒಂದು ರಾತ್ರಿ ಕೈಕೊಟ್ಟಾಗ
ಲಾಟೀನು ಹಿಡಿದು ಇಳಿದು ಬಂದವ ಪುರ್ಸೊ ವೇಳಿಪ.
ಸುಟ್ಟ ಗೆಡ್ಡೆ, ಉಪ್ಪು, ಕರಿಚಹಾ, ಒಂದು ಕಂಬಳಿ.
ಅವನ ಮಗಳ ಮದುವೆ ಕಾಗದ ಬಂತು ಹೋದ ವರ್ಷ,
ಮೇಲೆ ಹೆಸರಿಲ್ಲ,
ಜೀಪಿನವರಿಗೆ, ಕಾರವಾರ. ಪೋಸ್ಟಿನವ ನೇರ ನಮ್ಮನೆಗೇ ತಂದ.
ಆ ಮದುವೆಗೆ ಭಾವನ ಹೊಸ ಕಾರಿನಲ್ಲಿ ಹೊರಟೆವು.
ಕಿಟಕಿ ಮುಚ್ಚಿತ್ತು, ತಂಪಾಗಿತ್ತು, ಸುಲಭಾ ನಿದ್ದೆ ಮಾಡಿದಳು.
ವೇಳಿಪನ ಮನೆಯ ತಿರುವು ಯಾವಾಗ ದಾಟಿತೋ,
ಐದು ಕಿಲೋಮೀಟರು ಹಿಂದೆ ಬರಬೇಕಾಯಿತು.

ಇಷ್ಟು ಹೇಳುವಷ್ಟರಲ್ಲಿ ವಿಠೋಬ ಒಳಗೆ ಕೂತಾಗಿತ್ತು.
“ಒಂದು ರೌಂಡು” ಎಂದ.

ಮುಕ್ಕಾಲು ಗಂಟೆ.
ರಸ್ತೆಯ ಮೇಲೆ ಎಣ್ಣೆಯ ನಾಲ್ಕು ಹನಿ,
ಜೀಪಿಲ್ಲದ ಇಳಿಜಾರು
ಬರೇ ಇಳಿಜಾರು.

ಸುಲಭಾ ಹಿತ್ತಿಲ ಮೆಟ್ಟಿಲಲ್ಲಿ ಬಳಚು ಬಿಡಿಸುತ್ತ,
ತಲೆ ಎತ್ತದೆ,
“ಬಿಣಗಾ ಘಟ್ಟ, ಎರಡನೇ ತಿರುವು” ಎಂದಳು.
ಚಪ್ಪಲಿ ಮೆಟ್ಟುವಾಗ ಮತ್ತೆ,
“ದುಡ್ಡು ತಗೊಂಡು ಹೋಗಿ, ವಾಪಸು ಕೊಡೂಕೆ.”

ಯಾರದೋ ಸ್ಕೂಟರಿನ ಹಿಂದೆ ಕೂತು ಹೋದೆ.
ಎರಡನೇ ತಿರುವು.
ಬಾನೆಟ್ಟು ಬಾಯ್ದೆರೆದಿತ್ತು, ಕೆಳಗೆ ಸಮುದ್ರ,
ಹೊಸ ಅಂಗಿಯ ತೋಳು ಮೊಣಕೈವರೆಗೆ ಕಪ್ಪು,
ಕೈಪಂಪು ಒತ್ತುತ್ತಿದ್ದ ವಿಠೋಬ
ಅವಸರವಿಲ್ಲದೆ, ಕರುವಿನ ಗಂಗೆದೊಗಲು ನೀವುವವನಂತೆ.

ಮಾರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ.
ತಿರುಗಿ ನೋಡದೆಯೇ ಆತ
ಎಣ್ಣೆ ಮೆತ್ತಿದ ಒಂದು ಬೆರಳೆತ್ತಿದ.

ಗುಳ್ಳೆ ಇನ್ನೂ ನಿಂತಿರಲಿಲ್ಲ.